ಶಿಳ್ಳೆ ಯಾರಿಗೆ ಹೊಡೆದಿರಿ?

ಗುಂಡ್ಲುಪೇಟೆಯಿಂದ ಒಬ್ಬ ತರುಣ ಓದುಗ ಮಿತ್ರ ಪತ್ರ ಬರೆದಿದ್ದಾನೆ. ಪೂರಾ ನಾಲ್ಕು ಪುಟ. ಅಕ್ಷರ ಕೋಳಿ ಕೆದರಿದ ಹಾಗಿದೆ, ತಲೆ ಮಾತ್ರ ಚುರುಕು. ಬಂಡೀಪುರದ ಕಾಡಿನ ಮೇಲೆ ಒಂದು ಕಿರುಚಿತ್ರ ಮಾಡಬೇಕಂತೆ, ಕಥೆ ಅರ್ಧ ಆಗಿದೆಯಂತೆ. ಹೀರೋ ಫಾರೆಸ್ಟ್ ಆಫೀಸರ್. ಅವನ ಬಗ್ಗೆ ಹುಡುಗನಿಗೆ ಚಿಂತೆಯಿಲ್ಲ. ಚಿಂತೆಯೆಲ್ಲ ವಿಲನ್ನಿಂದು. "ಸಾರ್, ನನ್ನ ವಿಲನ್ ಎಂಟ್ರಿ ಕೊಟ್ಟರೆ ಗಾಂಧಿ ಕ್ಲಾಸ್ ಎದ್ದು ನಿಂತು ಶಿಳ್ಳೆ ಹೊಡೀಬೇಕು. ಏನು ಮಾಡ್ಲಿ?" ಅಂತ ಕೇಳಿದ್ದಾನೆ. ಈಗಾಗಲೇ ಕೂಡಿಟ್ಟಿರುವ ಸಾಮಾನಿನ ಪಟ್ಟಿಯನ್ನೂ ಕೊಟ್ಟಿದ್ದಾನೆ: ಗಿರಿಜಾ ಮೀಸೆ, ಕೆನ್ನೆಯ ಮೇಲೆ ಕತ್ತಿಯ ಗಾಯ, ಕಪ್ಪು ಕನ್ನಡಕ, ಪಕ್ಕದಲ್ಲೊಂದು ಚಿರತೆ ಮರಿ, ಎರಡು ನಿಮಿಷದ ಅಟ್ಟಹಾಸ.

ಚಿರತೆ ಮರಿ ಬೇಡಪ್ಪ. ನಿನ್ನ ಹೀರೋ ಬರುವ ಮೊದಲೇ ಅರಣ್ಯ ಇಲಾಖೆಯವರು ಬಂದು ನಿನ್ನನ್ನು ಎತ್ತಿಕೊಂಡು ಹೋಗುತ್ತಾರೆ.

ಉಳಿದ ಸಾಮಾನಿನ ಬಗ್ಗೆ ಮಾತಾಡೋಣ. ಅಟ್ಟಹಾಸದಿಂದಲೇ ಖಳನಾಯಕ ಆಗುವುದಿದ್ದರೆ ನಮ್ಮ ನಾಟಕ ಕಂಪನಿಗಳ ಅರ್ಧ ಜನ ವಜ್ರಮುನಿ ಆಗಬೇಕಿತ್ತು. ಆಗಲಿಲ್ಲವಲ್ಲ! ವಜ್ರಮುನಿಯೂ ರಂಗಭೂಮಿಯಿಂದಲೇ ಬಂದವರು. 'ಪ್ರಚಂಡ ರಾವಣ' ನಾಟಕದ ರಾವಣನಾಗಿ ಹೆಸರು ಮಾಡಿ, 1969ರ 'ಮಲ್ಲಮ್ಮನ ಪವಾಡ'ದಲ್ಲಿ ಪುಟ್ಟಣ್ಣನವರ ಕೈಯಿಂದ ತೆರೆಗೆ ಬಂದರು. ಆ ಕಂಠ, ಆ ಕಣ್ಣು ಎಲ್ಲಾ ಸರಿ. ಆದರೆ 1974ರ 'ಸಂಪತ್ತಿಗೆ ಸವಾಲ್' ಜ್ಞಾಪಿಸಿಕೊಳ್ಳಿ. ಸಾಹುಕಾರ್ ಸಿದ್ದಪ್ಪನನ್ನು ಕಂಡರೆ ನಮಗೆ ಮೈ ಉರಿಯುತ್ತಿದ್ದದ್ದು ಅವನ ಕಣ್ಣಿಗಾಗಿ ಅಲ್ಲ. ಆ ಸಾಹುಕಾರ ನಮ್ಮೂರಲ್ಲೂ ಇದ್ದ. ನಿಮ್ಮೂರಲ್ಲೂ ಇದ್ದ. ಅವನ ಜಗುಲಿಯ ಕೆಳಗೆ ನಮ್ಮಪ್ಪ ಕೈಕಟ್ಟಿಕೊಂಡು ನಿಂತದ್ದನ್ನು ನಾನೇ ನೋಡಿದ್ದೆ. ತೆರೆಯ ಮೇಲೆ ಸಿದ್ದಪ್ಪ ಬೈದಾಗ ಬೈಗುಳ ಬಂದು ತಾಗಿದ್ದು ನಮ್ಮಪ್ಪನಿಗೆ. ಆಮೇಲೆ ಅಣ್ಣಾವ್ರು ಸೆಡ್ಡು ಹೊಡೆದು ನಿಂತರೆ ಟಾಕೀಸಿನ ಹೆಂಚು ಹಾರಿಹೋಗದೆ ಇರುತ್ತದೆಯೇ?

ಅದೇ ವರ್ಷ ಇನ್ನೊಬ್ಬ ಬಂದ. 'ಭೂತಯ್ಯನ ಮಗ ಅಯ್ಯು' ಚಿತ್ರದ ಭೂತಯ್ಯ, ಅಂದರೆ ನಮ್ಮ ಮೈಸೂರಿನ ಪೈಲ್ವಾನ್ ಎಂ.ಪಿ. ಶಂಕರ್. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ಅದರಲ್ಲಿ ಭೂತಯ್ಯ ಬೇಗ ಸತ್ತೇ ಹೋಗುತ್ತಾನೆ. ಹೆಣಕ್ಕೆ ಹೆಗಲು ಕೊಡಲು ಊರು ಬರುವುದಿಲ್ಲ. ಅಷ್ಟು ಸಾಕು, ಅವನು ಎಂಥವನೆಂದು ಗೊತ್ತಾಗಲು. ಖಳ ತೆರೆಯ ಮೇಲೆ ಇಲ್ಲ, ಅವನ ಕಾಟ ಮಾತ್ರ ಮಗನ ಬೆನ್ನು ಹತ್ತಿ ಕಡೆಯ ರೀಲಿನವರೆಗೂ ಬರುತ್ತದೆ. ಮೀಸೆ ತಿರುವುವುದಕ್ಕೆ ಅವನಿಗೆ ಪುರುಸೊತ್ತೇ ಇಲ್ಲ ನೋಡಿ!

ಇದೇ ಎಂ.ಪಿ. ಶಂಕರ್ ಹಿಂದಿನ ವರ್ಷ, 1973ರಲ್ಲಿ, 'ಗಂಧದ ಗುಡಿ' ನಿರ್ಮಿಸಿದ್ದರು. ಅದೇ ವರ್ಷ ದೇಶದಲ್ಲಿ ಹುಲಿ ಯೋಜನೆ ಶುರುವಾಯಿತು, ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಅಣ್ಣಾವ್ರು ಅರಣ್ಯಾಧಿಕಾರಿ. ಎದುರಿಗೆ, 'ನಾಗರಹಾವು' ಬಂದು ಇನ್ನೂ ವರ್ಷ ತುಂಬಿರದ ಹೊಸ ಹೀರೋ ವಿಷ್ಣುವರ್ಧನ್, ಖಳನ ನೆರಳಿನ ಪಾತ್ರದಲ್ಲಿ! ಪತ್ರ ಬರೆದ ಮಿತ್ರನೇ, ನಿನ್ನ ಕಥೆಯ ತಾತ ಅದೇ. ನೀನು ನೋಡಿರುತ್ತೀಯ. ನೋಡಿರದಿದ್ದರೆ ಮೊದಲು ನೋಡು, ಆಮೇಲೆ ಬರಿ.

ಇವರೆಲ್ಲ ತೆರೆಯ ಮೇಲಿನವರು. ಮೇಕಪ್ ಅಳಿಸಿಕೊಂಡು ಮನೆಗೆ ಹೋಗಿ ಮುದ್ದೆ ಉಂಡವರು. ನಿನ್ನ ಜಿಲ್ಲೆಯಲ್ಲಿ ಮೇಕಪ್ ಇಲ್ಲದ ಒಬ್ಬನಿದ್ದ. ಅವನ ಹೆಸರು ಹೇಳದೆ ಈ ಕಾಡಿನಲ್ಲಿ ವಿಲನ್ ಕಥೆ ಬರೆಯುವುದು ಆಗದ ಮಾತು. ಅವನ ವಿಷಯಕ್ಕೆ ನನ್ನದೂ ಒಂದು ತಪ್ಪೊಪ್ಪಿಗೆ ಇದೆ, ಅದನ್ನು ಹೇಳಿಬಿಡುತ್ತೇನೆ.

ನಮ್ಮ ಸೋದರಮಾವ ಬಂಡೀಪುರದ ಕಡೆ ಫಾರೆಸ್ಟ್ ವಾಚರ್. ಕೈಯಲ್ಲಿ ಒಂದು ದೊಣ್ಣೆ, ಒಂದು ಟಾರ್ಚು, ಅದರಲ್ಲೂ ಸೆಲ್ಲು ಅರ್ಧ ದಿನ ಇರುತ್ತಿರಲಿಲ್ಲ. ರಾತ್ರಿ ಬೀಟು ಇದ್ದ ದಿನ ನಮ್ಮತ್ತೆ ಬಾಗಿಲ ಚಿಲಕ ಹಾಕುತ್ತಿರಲಿಲ್ಲ, ಒರಗಿಸಿ ಇಡುತ್ತಿದ್ದಳು. ಆನೆಗೆ ಹೆದರಿದವಳಲ್ಲ ಅವಳು. ಅವಳು ಹೆದರುತ್ತಿದ್ದದ್ದು "ಅವ್ನ"ಗೆ. ಹೆಸರು ಹೇಳುತ್ತಿರಲಿಲ್ಲ. "ಅವ್ನು ಮಲೆ ಮಾದಪ್ಪನ ಬೆಟ್ಟದ ಕಡೆ ಅವನಂತೆ", "ಅವ್ನು ಈ ಕಡೆ ತಿರುಗವನಂತೆ", ಇಷ್ಟೇ. ನಮ್ಮ ಮನೆಯಲ್ಲಿ ಅವನನ್ನು ನೋಡಿದವರು ಒಬ್ಬರೂ ಇರಲಿಲ್ಲ. ಆದರೂ ಅವನು ಬಾಗಿಲ ಆಚೆ ನಿಂತೇ ಇರುತ್ತಿದ್ದ.

1991ರಲ್ಲಿ 'ವೀರಪ್ಪನ್' ಅಂತ ಕನ್ನಡದಲ್ಲೇ ಚಿತ್ರ ಬಂತು. ಮನುಷ್ಯ ಇನ್ನೂ ಕಾಡಿನಲ್ಲಿ ಬದುಕಿದ್ದಾನೆ, ಇಲ್ಲಿ ಟಾಕೀಸಿನ ಮುಂದೆ ಅವನ ಹೆಸರಿನ ಪೋಸ್ಟರು! ನಾಯಕ ದೇವರಾಜ್. ಖದರು ಅಂದರೆ ಖದರು. ನಾನು ಆಗ ನಿಮ್ಮ ವಯಸ್ಸಿನವನು. ಮ್ಯಾಟಿನಿಗೆ ಹೋದೆ. ಒಂದೊಂದು ದೃಶ್ಯ ಈಗ ನೆನಪಿಲ್ಲ, ನೆನಪಿರುವುದು ನಮ್ಮ ಶಿಳ್ಳೆ. ಎರಡು ಬೆರಳು ನಾಲಗೆಯ ಕೆಳಗಿಟ್ಟು ಹೊಡೆದೆ. ಇಡೀ ಗಾಂಧಿ ಕ್ಲಾಸು ಹೊಡೆಯಿತು. ಹೊರಗೆ ಬಂದರೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಮಾವ ನಿಂತಿದ್ದಾರೆ. ಅವರೂ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದರು, ಖಾಕಿ ಬಿಚ್ಚಿಟ್ಟು.

"ಎಂಗಿತ್ಲಾ ಸಿನಿಮಾ?"

"ಸೂಪರ್ ಮಾವ."

"ನೀನೂ ಶಿಳ್ಳೆ ಹೊಡ್ದಾ?"

"ಎಲ್ಲಾರೂ ಹೊಡುದ್ರು ಮಾವ."

ಬೀಡಿ ಹಚ್ಚಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಖಾಕಿಯೋರು ಬಿದ್ರಲ್ಲ, ಅವರ ಪೈಕಿ ಒಬ್ಬನ ಹೆಸರು ಹೇಳ್ಲಾ ನೋಡವ," ಅಂದರು.

ನನಗೆ ಗೊತ್ತಿರಲಿಲ್ಲ. ಮಾವ ಬೈಯಲಿಲ್ಲ. ಸೈಕಲ್ ತಳ್ಳಿಕೊಂಡು ಹೊರಟರು, ನಾನು ಹಿಂದೆ ಹಿಂದೆ ನಡೆದೆ.

ಆ ಪ್ರಶ್ನೆ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಸಿದ್ದಪ್ಪ ಬೈದಾಗ ನನ್ನ ಮೈ ಉರಿದದ್ದು ಬೈಸಿಕೊಂಡವನ ಮುಖ ನನಗೆ ಗೊತ್ತಿದ್ದರಿಂದ. ಇಲ್ಲಿ ಗುಂಡು ತಿಂದವನ ಮುಖ ನನಗೆ ಗೊತ್ತಿರಲಿಲ್ಲ, ಹೊಡೆದವನ ಮುಖ ಮಾತ್ರ ಗೊತ್ತಿತ್ತು. ಹಾಗಾಗಿ ಅವನು ವಿಲನ್ ಆಗಲೇ ಇಲ್ಲ, ಹೀರೋ ಆಗಿಬಿಟ್ಟ. ನಮ್ಮ ಮಾವನೇ ನಾಳೆ ಬೀಟಿನಲ್ಲಿ ಬೀಳಬಹುದಾಗಿತ್ತು, ಅವರ ಕೊಲೆಗಾರನಿಗೆ ನಾನು ಶಿಳ್ಳೆ ಹೊಡೆದು ಬಂದಿದ್ದೆ.

ಹಾಗಂದರೆ ವಿಲನ್ನನ್ನು ರಾಕ್ಷಸನ ಹಾಗೆ ಬರಿ, ಮನುಷ್ಯನ ಹಾಗೆ ಬರೀಬೇಡ ಅಂತಲಾ? ಖಂಡಿತ ಅಲ್ಲ. ಅಲ್ಲೇ ಇರೋದು ಮಜಾ. 1997ರ ಅಕ್ಟೋಬರಿನಲ್ಲಿ "ಅವ್ನು" ಕಡೆಗೂ ನಮ್ಮ ಬಂಡೀಪುರಕ್ಕೇ ಬಂದ. ಕಾಡಿನ ಅಂಚಿನಲ್ಲಿ ಮನೆ ಮಾಡಿಕೊಂಡಿದ್ದ ವನ್ಯಜೀವಿ ಛಾಯಾಗ್ರಾಹಕರು ಕೃಪಾಕರ ಮತ್ತು ಸೇನಾನಿ, ಇಬ್ಬರನ್ನೂ ಹೊತ್ತುಕೊಂಡು ಹೋದ. ಸರ್ಕಾರದ ದೊಡ್ಡ ಅಧಿಕಾರಿಗಳು ಎಂದುಕೊಂಡಿದ್ದನಂತೆ! ಹದಿನಾಲ್ಕು ದಿನ ಇಟ್ಟುಕೊಂಡು ಬಿಟ್ಟ. ಅವರು ಅದನ್ನು ಪುಸ್ತಕ ಮಾಡಿದ್ದಾರೆ, ಕಥೆ ಬರೆಯುವ ಆಸೆ ಇರುವ ಪ್ರತಿ ಹುಡುಗನೂ ಓದಬೇಕು. ಅದರಲ್ಲಿ ಕಾಣುವವನು ಪೋಸ್ಟರಿನವನಲ್ಲ. ಮಾತು ಜಾಸ್ತಿ, ಕಾಡಿನ ಇಂಚಿಂಚು ಗೊತ್ತು, ಸರ್ಕಾರ ಕ್ಷಮಾದಾನ ಕೊಟ್ಟೀತು ಎಂಬ ಆಸೆ ಇಟ್ಟುಕೊಂಡು ಕೂತಿರುವ ಮನುಷ್ಯ. ಓದುತ್ತ ಓದುತ್ತ ಅಯ್ಯೋ ಪಾಪ ಅನ್ನಿಸುತ್ತದೆ. ಹಾಗೆ ಅನ್ನಿಸಿದ ಮರುಗಳಿಗೆ, ಇವನ ಕೈಯಲ್ಲಿ ಸತ್ತವರು ನೂರಕ್ಕೂ ಹೆಚ್ಚು ಅಂತಾರಲ್ಲ ಎಂದು ನೆನಪಾಗಿ ಬೆನ್ನುಹುರಿ ತಣ್ಣಗಾಗುತ್ತದೆ. ಈ ಪಾಪ ಅನ್ನಿಸೋದು, ಆ ತಣ್ಣಗಾಗೋದು, ಎರಡೂ ಒಟ್ಟಿಗೆ ಆಗಬೇಕು. ಒಂದೇ ಆದರೆ ಕಥೆ ಕುಂಟುತ್ತದೆ.

ಮೂರು ವರ್ಷ ಕಳೆದು, 2000ದ ಜುಲೈ 30ರ ರಾತ್ರಿ, ಗಾಜನೂರಿನ ಮನೆಯಿಂದ ಅಣ್ಣಾವ್ರನ್ನೇ ಕರೆದುಕೊಂಡು ಹೋದ. 108 ದಿನ! 'ಗಂಧದ ಗುಡಿ'ಯ ಅರಣ್ಯಾಧಿಕಾರಿಯನ್ನು ಗಂಧದ ಕಳ್ಳನೇ ಹಿಡಿದುಕೊಂಡು ಹೋದ ಕಥೆಯನ್ನು ಯಾರಾದರೂ ಬರೆದು ತಂದಿದ್ದರೆ, ನಿರ್ಮಾಪಕರು "ಏನ್ರೀ ಇದು, ಜನ ನಂಬಬೇಕಲ್ಲ" ಅಂತ ಎದ್ದು ಹೋಗುತ್ತಿದ್ದರು. ಆ ದಿನಗಳಲ್ಲಿ ಬಸ್ ಸ್ಟ್ಯಾಂಡುಗಳಲ್ಲಿ ರೇಡಿಯೋ ಸುತ್ತ ನಿಂತ ಜನರನ್ನು ನೋಡಿದ್ದೇನೆ. 1991ರಲ್ಲಿ ನನ್ನ ಪಕ್ಕ ಕೂತು ಶಿಳ್ಳೆ ಹೊಡೆದಿದ್ದ ಗೆಳೆಯನೊಬ್ಬ ಕಣ್ಣು ಒರೆಸಿಕೊಳ್ಳುತ್ತಿದ್ದ. ಮನುಷ್ಯ ಅವನೇ, ಮೀಸೆ ಅದೇ. ಬದಲಾದದ್ದು ಒಂದೇ: ಈ ಸಲ ಅವನ ಕೈಗೆ ಸಿಕ್ಕವರ ಮುಖ ನಮಗೆ ಗೊತ್ತಿತ್ತು.

ನವೆಂಬರ್ 15ಕ್ಕೆ ಅಣ್ಣಾವ್ರು ಬಿಡುಗಡೆಯಾದರು. ಅವನು 2004ರ ಅಕ್ಟೋಬರ್ 18ರಂದು ಧರ್ಮಪುರಿಯ ಕಡೆ ಪೊಲೀಸರ ಗುಂಡಿಗೆ ಸತ್ತ. ಆಮೇಲೂ ಸಿನಿಮಾದವರು ಬಿಡಲಿಲ್ಲ. 2013ರಲ್ಲಿ ಕಿಶೋರ್ ಮಾಡಿದ 'ಅಟ್ಟಹಾಸ', 2016ರಲ್ಲಿ ರಾಮ್ ಗೋಪಾಲ್ ವರ್ಮಾ ಅವರ 'ಕಿಲ್ಲಿಂಗ್ ವೀರಪ್ಪನ್'. ಕಿಶೋರ್ ಒಳ್ಳೆಯ ನಟ, ಅದರಲ್ಲಿ ಎರಡು ಮಾತಿಲ್ಲ.

ಈಗ ಮಾವನ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಮೂವತ್ತು ಚಿಲ್ಲರೆ ವರ್ಷ ತಡವಾಗಿ. ಒಂದು ಹೆಸರು: ಪಿ. ಶ್ರೀನಿವಾಸ್. ಐ.ಎಫ್.ಎಸ್. ಅಧಿಕಾರಿ. 1986ರಲ್ಲಿ ವೀರಪ್ಪನ್ ಒಮ್ಮೆ ಸಿಕ್ಕಿ, ಬೂದಿಪಡಗದ ಅರಣ್ಯ ಬಂಗಲೆಯಿಂದ ತಪ್ಪಿಸಿಕೊಂಡು ಹೋದವನು. ಅವನನ್ನು ಹಿಡಿಯಲು ಶ್ರೀನಿವಾಸ್ ಹುಡುಕಿದ ದಾರಿ ಬೇರೆ. ಅವನ ಹುಟ್ಟೂರು ಗೋಪಿನಾಥಂಗೇ ಹೋಗಿ, ಆ ಜನರ ನಡುವೆ ಕೂತರು. ಆಸ್ಪತ್ರೆ ಬೇಕೆಂದವರಿಗೆ ಔಷಧಿಯ ವ್ಯವಸ್ಥೆ ಮಾಡಿದರು, ಊರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿದರು. ಬಂದೂಕಿನ ದಾರಿ ಬಿಟ್ಟು ಶರಣಾಗಿ ಬನ್ನಿ ಎಂದು ಕರೆದರು. ಶರಣಾಗುತ್ತೇನೆಂದು ಅವನು ಹೇಳಿಕಳಿಸಿದ. 1991ರ ನವೆಂಬರ್ 10ರಂದು ಶ್ರೀನಿವಾಸ್ ಕೈಯಲ್ಲಿ ಆಯುಧ ಇಲ್ಲದೆ ಕಾಡಿನೊಳಗೆ ಹೋದರು. ಮೋಸದಿಂದ ಕೊಂದ, ತಲೆ ಕಡಿದ. ಸರ್ಕಾರ ಮರಣೋತ್ತರವಾಗಿ ಕೀರ್ತಿ ಚಕ್ರ ಕೊಟ್ಟಿತು. ಗೋಪಿನಾಥಂನಲ್ಲಿ ಇವತ್ತಿಗೂ ಅವರ ಚಿತ್ರವಿಟ್ಟು ಕೈ ಮುಗಿಯುವವರಿದ್ದಾರೆ. ಗಮನಿಸಿ, ವೀರಪ್ಪನ್ ಊರಿನವರೇ!

ಈ ಭಾಗ ಓದಿದ ಮೇಲೆ ವೀರಪ್ಪನ್ ಹೆಸರಿಗೆ ಶಿಳ್ಳೆ ಹೊಡೆಯಿರಿ ನೋಡೋಣ, ಬೆರಳು ಬಾಯಿಗೆ ಹೋಗುವುದಿಲ್ಲ. ಅವನ ಮೀಸೆಯನ್ನು ನಾನು ಒಂದು ಕೂದಲೂ ಕತ್ತರಿಸಿಲ್ಲ, ಅವನ ಬಾಯಿಗೆ ಒಂದು ಕೆಟ್ಟ ಮಾತೂ ಹಾಕಿಲ್ಲ. ಎದುರಿಗೆ ಬಂದು ನಿಂತವನು ಯಾರು ಅಂತ ಮಾತ್ರ ಹೇಳಿದೆ.

ಆದ್ದರಿಂದ ಮಿತ್ರನೇ, ಕಥೆಯನ್ನು ಹೀಗೆ ತಿರುಗಿಸಿ ಬರಿ. ಮೀಸೆ ಇರಲಿ. ಕನ್ನಡಕ ತೆಗಿ, ಕತ್ತಲ ಕಾಡಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡವನು ಮರಕ್ಕೆ ಡಿಕ್ಕಿ ಹೊಡೆಯುತ್ತಾನೆ. ವಿಲನ್ ನಿಮ್ಮೂರಿನವನೇ ಆಗಲಿ, ಯಾರದೋ ಮದುವೆಗೆ ದುಡ್ಡು ಕೊಟ್ಟಿರಲಿ, ತಾನು ಮಾಡೋದು ನ್ಯಾಯ ಅಂತ ಅವನು ನಿಜವಾಗಿ ನಂಬಿರಲಿ. ಹೀರೋ ಆಫೀಸರನ್ನು ಸ್ವಲ್ಪ ತಡವಾಗಿ ತಾ. ಮೊದಲ ರೀಲನ್ನು ಬಂಡೀಪುರದ ರಸ್ತೆಯ ಗೇಟಿನ ಹತ್ತಿರ ಇಡು. 2009ರಿಂದ ರಾತ್ರಿ ಒಂಬತ್ತಕ್ಕೆ ಅಲ್ಲಿ ವಾಹನ ನಿಲ್ಲಿಸುತ್ತಾರೆ, ಬೆಳಿಗ್ಗೆ ಆರಕ್ಕೆ ಬಿಡುತ್ತಾರೆ, ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆ ಗೇಟು ಹಾಕುವ ವಾಚರಿಗೆ ಒಂದು ಹೆಸರಿಡು. ಅವನ ಬುತ್ತಿ ಬಿಚ್ಚಿಸು, ಮುದ್ದೆಯ ಜೊತೆ ಏನಿದೆ ತೋರಿಸು. ಮನೆಯಲ್ಲಿ ಚಿಲಕ ಹಾಕದೆ ಬಾಗಿಲು ಒರಗಿಸಿ ಕೂತಿರುವ ಹೆಂಡತಿಯನ್ನು ತೋರಿಸು. ಟಾರ್ಚಿನ ಸೆಲ್ಲು ಮುಗಿಯಲಿ. ಒಂಬತ್ತೂ ಐದಕ್ಕೆ ದೂರದಲ್ಲಿ ಒಂದು ಜೀಪಿನ ಲೈಟು ಕಾಣಲಿ. ಹಾರ್ನ್ ಇಲ್ಲ, ಸಂಗೀತ ಇಲ್ಲ, ಅಟ್ಟಹಾಸವಂತೂ ಬೇಡವೇ ಬೇಡ. ಗೇಟಿನ ಮುಂದೆ ಜೀಪು ನಿಲ್ಲಲಿ. ಒಳಗಿನಿಂದ ನಿನ್ನ ವಿಲನ್ ವಾಚರನ್ನು ಹೆಸರು ಹಿಡಿದು ಕೂಗಲಿ, "ಊಟ ಆಯ್ತಾ?" ಅಂತ.

ಬರೆದಾದ ಮೇಲೆ ಕಳಿಸು. ಮಾವನಿಗೆ ಈಗ ಕಣ್ಣು ಮಂಜು, ನಾನೇ ಓದಿ ಹೇಳುತ್ತೇನೆ.