ಲೆಕ್ಕ ಬರೆಯೋ ಆ್ಯಪ್ ಸಾಲ ಮಾರೋ ಅಂಗಡಿ ಆಗೋದು ಯಾಕೆ?

ನಾಲ್ಕು ವರ್ಷದಿಂದ ನಾನು ಬಳಸುತ್ತಿದ್ದ ಖರ್ಚು-ವೆಚ್ಚದ ಆ್ಯಪ್ ಕಳೆದ ತಿಂಗಳು ಒಂದು ನೋಟಿಫಿಕೇಶನ್ ಕಳಿಸಿತು. 'ಬಜೆಟ್' ಟ್ಯಾಬ್ ತೆಗೆಯುತ್ತಿದ್ದೇವೆ, ಆ ಜಾಗದಲ್ಲಿ 'ಕ್ರೆಡಿಟ್' ಬರುತ್ತದೆ ಅಂತ. ಅದೇ ವಾರ, ಬಾಡಿಗೆ ಕಟ್ಟಿ, ಊರಿಗೆ ದುಡ್ಡು ಕಳಿಸಿ ಖಾತೆ ಬರಿದಾಗಿದ್ದ ದಿನವೇ ಇನ್ನೊಂದು ಮೆಸೇಜು: 'ನಿಮಗಾಗಿ 75,000 ರೂಪಾಯಿ ಸಿದ್ಧವಾಗಿದೆ.' ಕಾಕತಾಳೀಯ ಇರಬಹುದು. ಆದರೆ ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಬ್ಯಾಲೆನ್ಸ್ ಎಷ್ಟಿದೆ ಅಂತ ಗೊತ್ತಿರೋ ಪ್ರೋಗ್ರಾಮ್‌ಗೆ ಇಂಥದ್ದೊಂದು ಕಂಡೀಶನ್ ಬರೆಯೋಕೆ ಎಷ್ಟು ಹೊತ್ತು ಬೇಕು ಅಂತ ಗೊತ್ತು.

ಸರಿ, ಬೇರೆ ಆ್ಯಪ್ ಹುಡುಕೋಣ ಅಂತ ಕೂತೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದು ಮೂರು ವಾರ ತಿಂತು.

ಮೊದಲು ಸಿಕ್ಕಿದ್ದು ಅಮೆರಿಕದ ಕಥೆ. ಅಲ್ಲಿ ಮಿಂಟ್ ಅನ್ನೋ ಉಚಿತ ಆ್ಯಪ್ ಲಕ್ಷಾಂತರ ಜನರ ಲೆಕ್ಕದ ಪುಸ್ತಕವಾಗಿತ್ತು. 2009ರಲ್ಲಿ ಇಂಟ್ಯೂಟ್ ಕಂಪನಿ ಅದನ್ನು 17 ಕೋಟಿ ಡಾಲರ್‌ಗೆ ಕೊಂಡಿತು, 2024ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ಬಳಕೆದಾರರಿಗೆ ತೋರಿಸಿದ ದಾರಿ ಅದೇ ಕಂಪನಿಯ ಕ್ರೆಡಿಟ್ ಕರ್ಮಾ. ಅದರ ಆದಾಯ ಬರೋದೇ ಸಾಲ, ಕ್ರೆಡಿಟ್ ಕಾರ್ಡ್‌ಗಳನ್ನು ಶಿಫಾರಸು ಮಾಡೋದರಿಂದ. ಖರ್ಚಿಗೆ ತಿಂಗಳ ಮಿತಿ ಹಾಕಿಕೊಳ್ಳೋ ಸೌಲಭ್ಯವನ್ನು ಅಲ್ಲಿಗೆ ಒಯ್ಯಲೇ ಇಲ್ಲ.

ನಮ್ಮಲ್ಲೂ ಬೇರೆ ಏನಿಲ್ಲ. ಬ್ಯಾಂಕ್ ಎಸ್‌ಎಂಎಸ್ ಓದಿ ಖರ್ಚು ವಿಂಗಡಿಸುತ್ತಿದ್ದ ವಾಲ್‌ನಟ್ ನಿಮಗೆ ನೆನಪಿರಬಹುದು. 2018ರಲ್ಲಿ ಅದನ್ನು ಕೊಂಡದ್ದು ಬೆಂಗಳೂರಿನ ಸಾಲ ಕೊಡುವ ಕಂಪನಿ ಕ್ಯಾಪಿಟಲ್ ಫ್ಲೋಟ್. ಮುಂದೆ ಎಲ್ಲಾ ಸೇರಿ ಆ್ಯಕ್ಸಿಯೋ ಅಂತಾಯಿತು. 2025ರಲ್ಲಿ ಆ್ಯಕ್ಸಿಯೋ ಅಮೆಜಾನ್ ಪಾಲಾಯಿತು. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ನನಗೆ ಕಾಡಿದ ಪ್ರಶ್ನೆ ಬೇರೆ: ದುಡ್ಡು ಉಳಿಸೋಕೆ ಅಂತ ಹುಟ್ಟಿದ ಆ್ಯಪ್‌ಗಳು ಸುತ್ತಿ ಸುತ್ತಿ ಸಾಲ ಕೊಡೋರ ಮನೆಯನ್ನೇ ಯಾಕೆ ಸೇರುತ್ತವೆ?

'ಉಚಿತ ಅಲ್ವಾ, ಎಲ್ಲಿಂದಾದರೂ ದುಡಿಯಬೇಕಲ್ಲ' ಅನ್ನೋದು ಅರ್ಧ ಉತ್ತರ. ಉಳಿದರ್ಧ ಇರೋದು ಆ್ಯಪ್‌ಗೆ ನಿಮ್ಮ ಲೆಕ್ಕ ತಲುಪೋ ದಾರಿಯಲ್ಲಿ.

ಇರೋದು ಎರಡೇ ದಾರಿ. ಒಂದು ಎಸ್‌ಎಂಎಸ್. ಐಫೋನ್‌ನಲ್ಲಿ ಇದು ಸಾಧ್ಯವೇ ಇಲ್ಲ. ಆಂಡ್ರಾಯ್ಡ್‌ನಲ್ಲಿ 2018ರಲ್ಲಿ ಗೂಗಲ್ ನಿರ್ಬಂಧ ಹೇರಿದರೂ ಹಣದ ಲೆಕ್ಕ ಇಡೋ ಆ್ಯಪ್‌ಗಳಿಗೆ ವಿನಾಯಿತಿ ಕೊಟ್ಟಿತು. ತೊಂದರೆ ಏನಂದ್ರೆ, 'ಬ್ಯಾಂಕಿನ ಮೆಸೇಜ್ ಮಾತ್ರ ಓದು' ಅನ್ನೋ ಅನುಮತಿ ಆಂಡ್ರಾಯ್ಡ್‌ನಲ್ಲಿ ಇಲ್ಲ. ಕೊಟ್ಟರೆ ಇಡೀ ಇನ್‌ಬಾಕ್ಸ್ ಕೊಟ್ಟಂತೆ: ಒಟಿಪಿ, ಲ್ಯಾಬ್ ರಿಪೋರ್ಟಿನ ಲಿಂಕು, ಎಲ್ಲವೂ. ಇಷ್ಟು ಕೊಟ್ಟರೂ ಲೆಕ್ಕ ತಾಳೆಯಾಗಲ್ಲ. ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಜೂನ್‌ನಿಂದ 100 ರೂಪಾಯಿಗಿಂತ ಕಡಿಮೆ ಮೊತ್ತದ ಯುಪಿಐ ಪಾವತಿಗೆ ಎಸ್‌ಎಂಎಸ್ ಕಳಿಸೋದನ್ನೇ ನಿಲ್ಲಿಸಿತು. ಜೇಬು ತೂತಾಗೋದೇ ಅಂಥ ಟೀ, ದೋಸೆ, ಆಟೋಗಳಲ್ಲಿ. (2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಬೋರ್ಡು ಬಿತ್ತು. ಆ ತಿಂಗಳ ನನ್ನ ಟೀ ಖರ್ಚು ಆ್ಯಪ್‌ನಲ್ಲಿ ಹೆಚ್ಚುಕಮ್ಮಿ ಸೊನ್ನೆ.)

ಎರಡನೇ ದಾರಿ ಅಕೌಂಟ್ ಅಗ್ರಿಗೇಟರ್. ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ಮಾಡಿತು, 2021ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳು ಸೇರಿ ಚಾಲೂ ಆಯಿತು. ಇದು ನಿಮ್ಮ ಒಪ್ಪಿಗೆ ಪಡೆದು ಬ್ಯಾಂಕಿನಿಂದ ಮಾಹಿತಿ ತಂದು ಕೊಡೋ ಅಂಚೆಯವನಿದ್ದ ಹಾಗೆ. ಲಕೋಟೆ ಬಿಚ್ಚಿ ನೋಡೋ ಹಾಗಿಲ್ಲ. ಯಾವ ಉದ್ದೇಶಕ್ಕೆ, ಎಷ್ಟು ತಿಂಗಳ ಲೆಕ್ಕ, ಎಲ್ಲಿಯವರೆಗೆ ಅಂತ ಒಪ್ಪಿಗೆಯಲ್ಲೇ ಬರೆದಿರಬೇಕು, ಬೇಡ ಅನಿಸಿದಾಗ ರದ್ದು ಮಾಡಬಹುದು. ಎಂಜಿನಿಯರ್ ಆಗಿ ಹೇಳ್ತೀನಿ, ಒಳ್ಳೆಯ ವಿನ್ಯಾಸ ಇದು.

ಆದರೆ ಆ ಲಕೋಟೆ ಯಾರ ಕೈಗೆ ಹೋಗಬಹುದು? ರಿಸರ್ವ್ ಬ್ಯಾಂಕ್, ಸೆಬಿ, ವಿಮೆ ಅಥವಾ ಪಿಂಚಣಿ ಪ್ರಾಧಿಕಾರದಲ್ಲಿ ನೋಂದಾಯಿಸಿದ ಸಂಸ್ಥೆಗಳಿಗೆ ಮಾತ್ರ. ಅಂದರೆ ಸಾಲ ಕೊಡೋರು, ಷೇರು-ಫಂಡ್ ಮಾರೋರು, ವಿಮೆ ಮಾರೋರು. ಹಾಸನದಲ್ಲಿ ಕೂತ ಯಾರೋ ಒಬ್ಬಳು ಕನ್ನಡದಲ್ಲೇ ಅಚ್ಚುಕಟ್ಟಾದ ಲೆಕ್ಕದ ಆ್ಯಪ್ ಕಟ್ಟಿ, ತಿಂಗಳಿಗೆ 50 ರೂಪಾಯಿ ಚಂದಾ ಕೇಳಿದರೆ, ನಾನು ಒಪ್ಪಿದರೂ ನನ್ನ ಖಾತೆಯ ವಿವರ ಅವಳಿಗೆ ನೇರವಾಗಿ ಸಿಗಲ್ಲ. ಅವಳೂ ಒಂದು ಹಣಕಾಸು ಲೈಸೆನ್ಸ್ ಪಡೆಯಬೇಕು, ಇಲ್ಲವೇ ಲೈಸೆನ್ಸ್ ಇರೋರ ಜೊತೆ ಕೈಜೋಡಿಸಬೇಕು. ಕೈಜೋಡಿಸಿದ ಮೇಲೆ ಅವರ ಸರಕು ಅವಳ ಆ್ಯಪ್‌ನಲ್ಲಿ ಕಾಣಿಸಿಕೊಳ್ಳೋಕೆ ಎಷ್ಟು ದಿನ?

ನಿಯಂತ್ರಕರ ವಾದವನ್ನೂ ಕೇಳಬೇಕು. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಲಿಸ್ಟ್ ಕದ್ದು, ಸಂಬಂಧಿಕರಿಗೆಲ್ಲ ಫೋನ್ ಮಾಡಿ ಮಾನ ಕಳೆದದ್ದನ್ನು ನೋಡಿದ್ದೇವೆ. ಮಾಹಿತಿ ಕಂಡಕಂಡವರ ಕೈಗೆ ಹೋಗಬಾರದು, ತಪ್ಪಿದರೆ ಹಿಡಿದು ಕೇಳೋಕೆ ಒಬ್ಬರು ಇರಬೇಕು. ಒಪ್ಪುತ್ತೇನೆ. ಆದರೆ ಈಗ ಅರ್ಹರು ಅಂತ ಆರಿಸಿರೋದು ನಾನು ಹೆಚ್ಚು ಖರ್ಚು ಮಾಡಿದಷ್ಟೂ, ಹೆಚ್ಚು ಸಾಲ ಮಾಡಿದಷ್ಟೂ ಲಾಭ ಇರೋರನ್ನೂ ಸೇರಿಸಿ. ಅಂಥ ಲಾಭ ಇಲ್ಲದವರಿಗೆ ಪ್ರತ್ಯೇಕ ಬಾಗಿಲೇ ಇಲ್ಲ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರೋ ಪಾವತಿ ನಿಯಮಗಳಲ್ಲಿ ಖಾತೆಯ ಮಾಹಿತಿ ಮಾತ್ರ ಓದುವ ಸೇವೆಗಳಿಗೆ ಬೇರೆಯೇ ನೋಂದಣಿ ಇದೆ. ಸಾಲ ಕೊಡೋ ಲೈಸೆನ್ಸ್ ಬೇಡ, ಮೇಲ್ವಿಚಾರಣೆ ತಪ್ಪಲ್ಲ. ನಮ್ಮಲ್ಲೂ ಅಂಥದ್ದೊಂದು ವರ್ಗ ಮಾಡೋಕೆ ಹೊಸ ತಂತ್ರಜ್ಞಾನವೇನೂ ಬೇಡ.

ಇನ್ನು ಹಳೇ ಆ್ಯಪ್ ಬಿಟ್ಟು ಹೊರಡೋ ವಿಷಯ. ನಾಲ್ಕು ವರ್ಷದ ಲೆಕ್ಕ ಕೊಡಿ ಅಂತ ಕೇಳಿದ್ದಕ್ಕೆ ಬಣ್ಣಬಣ್ಣದ ಚಿತ್ರಗಳಿದ್ದ ಒಂದು ಪಿಡಿಎಫ್ ಬಂತು. ಬೇರೆ ಆ್ಯಪ್‌ಗೆ ಹಾಕೋಕೆ ಬರುವ ಸಿಎಸ್‌ವಿ ಕೇಳಿದರೆ 'ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದ' ಅಂತ ಉತ್ತರ. ಕಾನೂನು ತೋರಿಸಿ ಜಗಳ ಆಡೋಣ ಅಂದ್ರೆ ಕಾನೂನೇ ಇಲ್ಲ! ಶ್ರೀಕೃಷ್ಣ ಸಮಿತಿಯ 2018ರ ಕರಡಿನಲ್ಲಿ, ಆಮೇಲೆ 2019ರ ಮಸೂದೆಯಲ್ಲಿ, ನಿಮ್ಮ ಡೇಟಾವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಹಕ್ಕು ಇತ್ತು. 2023ರಲ್ಲಿ ಪಾಸಾದ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಅದು ಮಾಯ. ಉಳಿದಿರೋದು ಸಾರಾಂಶ ಕೇಳುವ ಹಕ್ಕು. 2025ರ ನವೆಂಬರ್‌ನಲ್ಲಿ ಬಂದ ನಿಯಮಗಳ ಪ್ರಕಾರ ಅದೂ ಜಾರಿಗೆ ಬರೋದು 18 ತಿಂಗಳ ನಂತರ. ಫೋನ್ ನಂಬರ್ ಉಳಿಸಿಕೊಂಡು ಸಿಮ್ ಕಂಪನಿ ಬದಲಿಸೋ ಹಕ್ಕಿದೆ, ನನ್ನದೇ ಖರ್ಚಿನ ಪಟ್ಟಿ ಎತ್ತಿಕೊಂಡು ಹೋಗೋಕಿಲ್ಲ.

ಕೊನೆಗೆ ನಾನು ಆರಿಸಿದ್ದು ಆ್ಯಕ್ಚುವಲ್ ಬಜೆಟ್ ಅನ್ನೋ ಓಪನ್ ಸೋರ್ಸ್ ತಂತ್ರಾಂಶ. ಮೊದಲು ದುಡ್ಡಿಗೆ ಮಾರುತ್ತಿದ್ದರು, 2022ರಲ್ಲಿ ಕೋಡ್ ಮುಕ್ತಗೊಳಿಸಿದರು. ನನ್ನ ಕಂಪ್ಯೂಟರ್‌ನಲ್ಲೇ ಓಡುತ್ತೆ. ತಿಂಗಳ ಮೊದಲ ದಿನ ನೆಟ್‌ಬ್ಯಾಂಕಿಂಗ್‌ನಿಂದ ಸ್ಟೇಟ್‌ಮೆಂಟ್ ಇಳಿಸಿಕೊಂಡು ಅದರೊಳಗೆ ಹಾಕ್ತೀನಿ, ಅರ್ಧ ಗಂಟೆಯ ಕೆಲಸ. ತುಮಕೂರಿನಲ್ಲಿ ಸ್ಟಾಫ್ ನರ್ಸ್ ಆಗಿರೋ ಅಕ್ಕನಿಗೆ ಹೇಳಿದೆ. "ನಿಂಗೇನೋ ಬರುತ್ತೆ ಕಣೋ. ನೈಟ್ ಡ್ಯೂಟಿ ಮುಗ್ಸಿ ಬಂದು ನಾನು ಇದನ್ನೆಲ್ಲ ಮಾಡ್ತಾ ಕೂರ್ಲಾ?" ಅಂದ್ಲು. ಉತ್ತರ ಇರಲಿಲ್ಲ. ಎಸ್‌ಎಂಎಸ್ ಅನುಮತಿ ಕೇಳದ, ಕೈಯಾರೆ ಬರೆಯೋ ಒಂದು ಸಾದಾ ಆ್ಯಪ್ ಹಾಕಿಕೊಟ್ಟೆ. ವಾರಕ್ಕೆ ಎರಡು ದಿನ ಬರೆಯೋಕೆ ಮರೀತಾಳೆ.

ಹಳೆಯದನ್ನು ಡಿಲೀಟ್ ಮಾಡೋ ಮುಂಚೆ ನೀವೂ ಒಂದು ಕೆಲಸ ಮಾಡಿ. ಆ್ಯಪ್ ತೆಗೆದರೆ ಅಗ್ರಿಗೇಟರ್ ಮೂಲಕ ಕೊಟ್ಟ ಒಪ್ಪಿಗೆ ರದ್ದಾಗಲ್ಲ; ಅಗ್ರಿಗೇಟರ್‌ನಲ್ಲೇ ಲಾಗಿನ್ ಆಗಿ ಹಿಂಪಡೀಬೇಕು. ನನ್ನದನ್ನು ನೋಡಿದೆ. ಯಾವತ್ತೋ 'ಓಕೆ' ಒತ್ತಿದ್ದ ಒಪ್ಪಿಗೆ 2027ರ ಆಗಸ್ಟ್‌ವರೆಗೆ ಇತ್ತು.