“ನಮಗೇನೂ ಬೇಡ” ಎಂದವರು



“ನಮಗೇನೂ ಬೇಡ, ಹುಡುಗಿ ಕೊಟ್ಟರೆ ಸಾಕು” ಎಂದವರೇ ಮದುವೆಯಾದ ಮೇಲೆ ಬೈಕು, ಬಂಗಾರ ಕೇಳುವುದನ್ನು ನಾವು ಬಲ್ಲೆವು. ಹುಡುಗಿ ತವರಿಗೆ ಮರಳುವುದು ಕಷ್ಟವೆಂದು ಅವರಿಗೆ ಗೊತ್ತು. ಫೋನಿನೊಳಗಿನ ಕಂಪನಿಗಳ ನೀತಿಯೂ ಇದೇ.

2009ರಲ್ಲಿ ಶುರುವಾದ ವಾಟ್ಸಾಪ್, ಜಾಹೀರಾತು ಬೇಡವೆಂದಿತ್ತು. 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು. 2025ರಲ್ಲಿ ಸ್ಟೇಟಸ್‌ಗಳ ನಡುವೆ ಜಾಹೀರಾತು ತರುವುದಾಗಿ ಸಾರಿತು. ಎಲ್ಲರೂ ಅಲ್ಲೇ ಇರುವಾಗ ಒಬ್ಬಳೇ ಬಿಟ್ಟು ಹೋಗುವುದೆಲ್ಲಿಗೆ? ನಮ್ಮ ಈ ಕಟ್ಟೇ ಅವರ ಲಾಭ. ಬೇರೆ ಆ್ಯಪ್‌ನವರೊಡನೆ ಮಾತಾಡಲೂ ವಾಟ್ಸಾಪ್ ದಾರಿ ಬಿಡಬೇಕೆಂದು ಯೂರೋಪಿನಲ್ಲಿ ಕಾನೂನಿದೆ. ಅಂಥದ್ದನ್ನು ನಾವೂ ಕೇಳಬೇಕು.

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಸಂಘದ ಅಕ್ಕತಂಗಿಯರು ಗ್ರೂಪು ಬಿಡಬೇಕೆಂದಲ್ಲ, ಅದೊಂದನ್ನೇ ನಂಬಬಾರದು. ಎಲ್ಲರ ನಂಬರನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ವಾರದ ಸಭೆ ತಪ್ಪಿಸಬೇಡಿ. ಮೈಮೇಲಿನ ಬಾಸುಂಡೆ ಗ್ರೂಪಿನಲ್ಲಿ ಕಾಣುವುದಿಲ್ಲ. ವರದಕ್ಷಿಣೆಗಾಗಿ ಬೆದರಿಸಿದ ಮೆಸೇಜು ಅಳಿಸಬೇಡಿ, ತಾರೀಖು ಬರೆದಿಡಿ. ಮಹಿಳಾ ಸಹಾಯವಾಣಿ 181 ಬಾಯಿಪಾಠವಿರಲಿ.

ನಡುರಾತ್ರಿ ಕೂಗಿದರೆ ಕಂಪನಿ ಬರುವುದಿಲ್ಲ. ಪಕ್ಕದ ಮನೆಯ ಗೆಳತಿ ಬರುತ್ತಾಳೆ.