‘ಸಿ’ ಬೇಡವಂತೆ, ಕನ್ನಡವೂ ಬೇಡವಂತೆ!

ಕಂಪ್ಯೂಟರು ಕಲಿಯುವ ಮಕ್ಕಳಿಗೆ ಇನ್ನು ‘ಸಿ’ ಭಾಷೆಯ ಅಗತ್ಯವಿಲ್ಲ. ಆಲ್ಗಾರಿದಮ್ಮುಗಳ ಅಗತ್ಯವಂತೂ ಇಲ್ಲವೇ ಇಲ್ಲ. ಇದ್ದರೂ ಅದನ್ನು ಕನ್ನಡದಲ್ಲಿ ಹೇಳಿಕೊಡುವ ಅಗತ್ಯ ಯಾರಿಗೂ ಇಲ್ಲ. ಹೀಗೆ ಮೂರು ತೀರ್ಪುಗಳನ್ನು ಒಂದೇ ಉಸಿರಿನಲ್ಲಿ ದಯಪಾಲಿಸುವ ಮಹನೀಯರು ನಮ್ಮ ನಗರದ ಕನ್ನಡಿಗರಲ್ಲಿ ಈಚೆಗೆ ಹೆಚ್ಚಾಗಿದ್ದಾರೆ. ಭಾನುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಪ್ರೋಗ್ರಾಮಿಂಗಿನ ಮೂಲಪಾಠಗಳನ್ನು ಕನ್ನಡದಲ್ಲಿ ಹೇಳಿಕೊಡೋಣವೆಂಬ ಸಲಹೆ ಬಂದಾಗ ಎದ್ದ ಆಕ್ಷೇಪಣೆಗಳೂ ಇವೇ. ರಾಜ್ಯೋತ್ಸವದ ವಾದ್ಯಗೋಷ್ಠಿಗೆ ಹಣ ಸಾಲದೆಂಬ ನಾಲ್ಕನೆಯದೂ ಒಂದಿತ್ತು. ಅದಕ್ಕೆ ಆಮೇಲೆ ಬರುತ್ತೇವೆ.

ನಾವು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತ ತಿರುವುವ ಗುಮಾಸ್ತರು, ಓದಿದ್ದು ಬಿ.ಎಸ್ಸಿ. ಸಾಫ್ಟ್‌ವೇರ್ ಪಂಡಿತರ ಮುಂದೆ ಬಾಯಿ ತೆರೆಯಲು ನಿಮಗೇನು ಅಧಿಕಾರ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೆ: ಲೆಕ್ಕ ತಪ್ಪಿದೆ ಎಂದು ಹೇಳಲು ಲೆಕ್ಕಾಧಿಕಾರಿಯೇ ಆಗಿರಬೇಕಾಗಿಲ್ಲ, ಲೆಕ್ಕ ಬಂದರೆ ಸಾಕು.

ಮೊದಲನೆಯ ತೀರ್ಪು: ‘ಸಿ’ ಹಳೆಯದು. ಹೌದು, ಹಳೆಯದೇ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚೀ ಅದನ್ನು ರೂಪಿಸಿದ್ದು 1970ರ ದಶಕದ ಆರಂಭದಲ್ಲಿ. ಕೆರ್ನಿಗನ್ ಮತ್ತು ರಿಚೀ ಬರೆದ ಪುಸ್ತಕ ಹೊರಬಂದದ್ದು 1978ರಲ್ಲಿ. ಆದರೆ ಇಂದು ಎಲ್ಲರೂ ಹೊಗಳುವ ಪೈಥಾನ್ ಭಾಷೆಯನ್ನು ನಡೆಸುವ ಮುಖ್ಯ ತಂತ್ರಾಂಶ ಬರೆಯಲ್ಪಟ್ಟಿರುವುದು ಅದೇ ‘ಸಿ’ಯಲ್ಲಿ. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳದಲ್ಲಿರುವ ಲಿನಕ್ಸಿನ ಬಹುಭಾಗವೂ ‘ಸಿ’. ಮಹಡಿಯ ಮೇಲೆ ಮನೆ ಮಾಡಿಕೊಂಡು ತಳಪಾಯ ಹಳೆಯದಾಯಿತೆಂದು ಮೂಗು ಮುರಿಯುವವರನ್ನು ಏನೆನ್ನೋಣ?

ನಮಗೆ ‘ಸಿ’ಯೇ ಆಗಬೇಕೆಂಬ ಹಟವೂ ಇಲ್ಲ. ಸಿ++ ಆದೀತು, ರಸ್ಟ್ ಆದೀತು, ಗೋ ಆದೀತು. ಮೊದಲ ಭಾಷೆ ಕಂಪೈಲ್ ಮಾಡುವಂಥದ್ದಾಗಿರಲಿ ಎಂಬುದಷ್ಟೇ ನಮ್ಮ ವಾದ. ಗುಮಾಸ್ತರ ಭಾಷೆಯಲ್ಲಿ ಹೇಳುವುದಾದರೆ ಕಂಪೈಲರು ಎಂದರೆ ಬಿಲ್ಲು ಪಾಸು ಮಾಡುವ ಕಟ್ಟುನಿಟ್ಟಿನ ಆಡಿಟರು. ಕಾಗದವೆಲ್ಲ ಮೊದಲು ಅವನ ಮೇಜಿಗೆ ಹೋಗಬೇಕು. ಅಂಕಿ ಬರೆಯಬೇಕಾದ ಅಂಕಣದಲ್ಲಿ ಅಕ್ಷರವಿದ್ದರೆ, ಹೆಸರಿಸದ ಬಾಬ್ತು ನಡುವೆ ನುಸುಳಿದ್ದರೆ ಆಕ್ಷೇಪಣೆ ಬರೆದು ಹಿಂದಕ್ಕೆ ಕಳಿಸುತ್ತಾನೆ. ಎಲ್ಲ ಸರಿಹೋದಮೇಲೆಯೇ ಕೆಲಸ ಹೊರಡುವುದು. ಸಾಲು ಸಾಲಾಗಿ ನಡೆಸಿಕೊಂಡು ಹೋಗುವ ಭಾಷೆಗಳಲ್ಲಾದರೋ ಹಣ ಅರ್ಧ ಹಂಚಿಯಾದ ಮೇಲೆ ಕೌಂಟರಿನಲ್ಲಿ ಗಲಾಟೆ ಏಳುವುದುಂಟು. ಆರಂಭದಲ್ಲೇ ಆಕ್ಷೇಪಣೆಗೆ ಉತ್ತರ ಕೊಟ್ಟು ಪಳಗಿದ ಮಗು ಮುಂದೆ ಯಾವ ಭಾಷೆ ಹಿಡಿದರೂ ಬಾಳುತ್ತದೆ.

ಇಷ್ಟು ಹೇಳಿದ ಮೇಲೆ, ‘ಸಿ’ ಕಲಿಸುತ್ತೇವೆಂದು ಬೋರ್ಡು ಹಾಕಿಕೊಂಡವರ ಕಡೆಗೂ ತಿರುಗಬೇಕು. ಅಮೀರ್‌ಪೇಟೆಯ ಮೈತ್ರಿವನಂ ಸುತ್ತಮುತ್ತ ನಡೆದು ನೋಡಿದವರಿಗೆ ಗೊತ್ತು: ಗೋಡೆ ಕಾಣದಷ್ಟು ಫಲಕಗಳು, ಕೈಗೆ ತುರುಕುವ ಕರಪತ್ರಗಳು, ಜೆರಾಕ್ಸ್ ಅಂಗಡಿಯಲ್ಲಿ ದೊರೆಯುವ ‘ನೋಟ್ಸು’. ಅಲ್ಲಿ ಕಲಿತು ಬದುಕು ಕಟ್ಟಿಕೊಂಡವರು ಎಷ್ಟೋ ಮಂದಿ, ಅವರ ಶ್ರಮಕ್ಕೆ ನಮ್ಮ ನಮಸ್ಕಾರ. ಆದರೆ ಫಿಬೊನಾಚಿ, ಪ್ಯಾಲಿಂಡ್ರೋಮ್, ಆರ್ಮ್‌ಸ್ಟ್ರಾಂಗ್ ಸಂಖ್ಯೆ ಎಂದು ಇಪ್ಪತ್ತು ಪ್ರೋಗ್ರಾಮುಗಳನ್ನು ಸಹಸ್ರನಾಮದಂತೆ ಬಾಯಿಪಾಠ ಮಾಡಿಸುವುದು ಕಲಿಸುವುದಲ್ಲ. ಕಾಲೇಜುಗಳ ಪಾಡೂ ಬೇರೆಯಲ್ಲ. ಬೊರ್ಲೆಂಡ್ ಕಂಪನಿ 1987ರಲ್ಲಿ ಹೊರತಂದ ಟರ್ಬೊ ಸಿ ಎಂಬ ಕಂಪೈಲರಿನ ಸಂತತಿಯನ್ನು ನಮ್ಮ ದೇಶದ ಪ್ರಯೋಗಶಾಲೆಗಳು ಅದು ಸತ್ತು ಎಷ್ಟೋ ವರ್ಷಗಳಾದರೂ ನೀಲಿ ಪರದೆಯ ಮೇಲೆ ಪೂಜಿಸಿಕೊಂಡು ಬಂದವು. ವಿಚಿತ್ರ ನೋಡಿ, ಅದೇ 1987ರಲ್ಲೇ ಜಿ.ಸಿ.ಸಿ. ಎಂಬ ಉಚಿತ ಕಂಪೈಲರೂ ಹೊರಬಂತು. ಅದು ಇಂದಿಗೂ ಬೆಳೆಯುತ್ತಿದೆ, ಅದಕ್ಕೆ ಬಿಡಿಗಾಸು ಕೊಡಬೇಕಾಗಿಲ್ಲ. ಜೀವಂತವಾಗಿದ್ದದ್ದನ್ನು ಬಿಟ್ಟು ಸತ್ತದ್ದಕ್ಕೆ ಆರತಿ ಎತ್ತಿದ ಜಾಣತನ ನಮ್ಮದು.

ಟರ್ಬೊ ಸಿಯಲ್ಲಿ ಪೂರ್ಣಾಂಕಕ್ಕೆ ಹದಿನಾರು ಬಿಟ್ಟುಗಳ ಜಾಗ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಅದರಲ್ಲಿ 200ನ್ನು 200ರಿಂದ ಗುಣಿಸಿದರೆ 40,000 ಬರುವ ಬದಲು ಋಣ 25,536 ಬರುತ್ತದೆ! ಏಕೆ ಹೀಗೆ ಎಂದು ಕೇಳಿದ ಹುಡುಗನಿಗೆ ‘ಅದು ಸಿಲಬಸ್ಸಿನಲ್ಲಿಲ್ಲ’ ಎನ್ನುವ ಮೇಷ್ಟರು ಕಲಿಕೆಯ ಬಾಗಿಲನ್ನೇ ಮುಚ್ಚಿದಂತೆ. ತುಂಬಿದ ಪಾತ್ರೆಗೆ ಇನ್ನಷ್ಟು ಸುರಿದರೆ ಚೆಲ್ಲುತ್ತದೆ ಎಂಬುದು ಅಡಿಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಕಂಪ್ಯೂಟರಿನಲ್ಲಿ ಚೆಲ್ಲಿದ್ದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಇದು ಮಕ್ಕಳ ಪಾಠ, ದೊಡ್ಡವರಿಗೆ ಬೇಡ ಎನ್ನುತ್ತೀರೋ? ಹಾಗಾದರೆ ಇದನ್ನು ಕೇಳಿ. ನಿಘಂಟಿನಲ್ಲಿ ಪದ ಹುಡುಕುವಾಗ ನಾವು ಮೊದಲ ಪುಟದಿಂದ ಓದುತ್ತ ಹೋಗುವುದಿಲ್ಲ. ನಡುವೆ ತೆರೆದು, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ನೋಡಿ, ಅರ್ಧವನ್ನು ಕೈಬಿಟ್ಟು, ಉಳಿದ ಅರ್ಧದ ನಡುವೆ ಮತ್ತೆ ತೆರೆಯುತ್ತೇವೆ. 1894ರಲ್ಲಿ ಬಂದ ಕಿಟ್ಟೆಲರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಈ ಕ್ರಮದಲ್ಲಿ ಹದಿನೇಳು ಸಲ ನೋಡುವಷ್ಟರಲ್ಲಿ ಯಾವ ಪದವಾದರೂ ಸಿಕ್ಕಲೇಬೇಕು. ಇದಕ್ಕೆ ಬೈನರಿ ಸರ್ಚ್ ಎಂದು ಹೆಸರು. 1946ರಿಂದಲೇ ಕಂಪ್ಯೂಟರಿನವರಿಗೆ ಗೊತ್ತಿರುವ ಉಪಾಯ. ಆದರೂ ಜಾವಾ ಭಾಷೆಯ ಗ್ರಂಥಾಲಯದಲ್ಲಿದ್ದ ಇದೇ ಪ್ರೋಗ್ರಾಮಿನಲ್ಲಿ ತಪ್ಪೊಂದು ಸುಮಾರು ಒಂಬತ್ತು ವರ್ಷ ಅಡಗಿ ಕುಳಿತಿತ್ತು. ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಲೋಕಕ್ಕೆ ಸಾರಿದರು. ನಡುವಿನ ಸ್ಥಾನ ಕಂಡುಹಿಡಿಯಲು ಕೆಳಗಿನ ಸಂಖ್ಯೆ ಮೇಲಿನ ಸಂಖ್ಯೆ ಎರಡನ್ನೂ ಕೂಡಿ ಎರಡರಿಂದ ಭಾಗಿಸಿದ್ದರು. ಪಟ್ಟಿ ಬಹಳ ದೊಡ್ಡದಾದಾಗ ಆ ಮೊತ್ತ 2,14,74,83,647ನ್ನು ಮೀರಿ, ಪಾತ್ರೆ ಚೆಲ್ಲಿ, ಋಣಸಂಖ್ಯೆಯಾಗುತ್ತಿತ್ತು. ಜಾನ್ ಬೆಂಟ್ಲಿ ಅವರ ಪ್ರಸಿದ್ಧ ಪುಸ್ತಕದಲ್ಲಿ ಸರಿಯೆಂದು ಸಾಧಿಸಿ ತೋರಿಸಿದ್ದ ಪ್ರೋಗ್ರಾಮಿನಲ್ಲೂ ಇದೇ ದೋಷವಿತ್ತು. ವ್ಯತ್ಯಾಸದ ಅರ್ಧವನ್ನು ಕೆಳಗಿನ ಸಂಖ್ಯೆಗೆ ಕೂಡಿದ್ದರೆ ಮುಗಿದಿತ್ತು. ಅತಿರಥ ಮಹಾರಥರ ಕಣ್ಣು ತಪ್ಪಿಸಿದ್ದು ಆ 32,767ರ ಪಾಠವೇ, ಬೇರೆಯಲ್ಲ.

ಪೈಥಾನಿನಲ್ಲಿ ಈ ಮಿತಿಯಿಲ್ಲ ಎಂಬ ಸಮಜಾಯಿಷಿ ಬರುತ್ತದೆ. ಅದರ ಸಾಧಾರಣ ಪೂರ್ಣಾಂಕಕ್ಕೆ ಇಲ್ಲ, ನಿಜ. ದೊಡ್ಡ ಲೆಕ್ಕಗಳಿಗೆ ಬಳಸುವ ನಮ್‌ಪೈ ಮೊದಲಾದ ಗ್ರಂಥಾಲಯಗಳಲ್ಲಿ ಮತ್ತೆ ಅಳತೆಯ ಪಾತ್ರೆಗಳೇ.

ಎರಡನೆಯ ತೀರ್ಪು: ಈಗ ಯಂತ್ರವೇ ಪ್ರೋಗ್ರಾಮು ಬರೆದುಕೊಡುತ್ತದೆ, ಆಲ್ಗಾರಿದಮ್ ಯಾರಿಗೆ ಬೇಕು? 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಾಗಿನಿಂದ ಈ ಮಾತು ಮನೆಮನೆಯಲ್ಲೂ ಕೇಳುತ್ತಿದೆ. ಬರೆದುಕೊಡುತ್ತದೆ, ನಾವೂ ನೋಡಿದ್ದೇವೆ. ಡ್ರಾಫ್ಟು ಯಾರು ಬೇಕಾದರೂ ತಂದಿಡಲಿ. ಓದಿ ರುಜು ಹಾಕುವವನಿಗೆ ವಿಷಯ ಗೊತ್ತಿರಬೇಡವೇ? ಒಂದು ಸಾವಿರ ಹೆಸರುಗಳನ್ನು ಪ್ರತಿಯೊಂದನ್ನೂ ಪ್ರತಿಯೊಂದರ ಜೊತೆ ಹೋಲಿಸಿ ಜೋಡಿಸಿದರೆ 4,99,500 ಹೋಲಿಕೆಗಳು. ಪಟ್ಟಿಯನ್ನು ಅರ್ಧರ್ಧವಾಗಿ ಒಡೆದು ಜೋಡಿಸಿ ಕೂಡಿಸುವ ಮರ್ಜ್ ಸಾರ್ಟ್ ಕ್ರಮದಲ್ಲಿ ಹತ್ತು ಸಾವಿರದೊಳಗೆ ಮುಗಿಯುತ್ತದೆ. ಹೆಸರುಗಳು ಒಂದು ಲಕ್ಷವಾದರೆ ಮೊದಲನೆಯದಕ್ಕೆ ಸುಮಾರು 500 ಕೋಟಿ, ಎರಡನೆಯದಕ್ಕೆ ಸುಮಾರು 17 ಲಕ್ಷ. ಎರಡೂ ಸರಿಯುತ್ತರವನ್ನೇ ಕೊಡುತ್ತವೆ! ಯಾವುದು ಬೇಕೆಂದು ಕೇಳುವಷ್ಟು ತಿಳಿವಳಿಕೆ ಇಲ್ಲದವನ ಮುಂದೆ ಯಂತ್ರ ಯಾವುದನ್ನಿಟ್ಟರೂ ಒಂದೇ.

ಮೂರನೆಯ ತೀರ್ಪು ನಮಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದದ್ದು: ಕನ್ನಡದಲ್ಲಿ ಇದೆಲ್ಲ ಆಗದು. ಆಲ್ಗಾರಿದಮ್ ಎಂಬ ಪದ ಒಂಬತ್ತನೆಯ ಶತಮಾನದ ಬಾಗ್ದಾದಿನ ಅಲ್ ಖ್ವಾರಿಜ್ಮಿಯ ಹೆಸರಿನಿಂದ ಬಂದದ್ದು. ಅದೇ ಶತಮಾನದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ ಬರೆದು ಅಮೋಘವರ್ಷ ನೃಪತುಂಗನನ್ನು ಅದರಲ್ಲಿ ಸ್ತುತಿಸಿದ. ಆ ನೃಪತುಂಗನ ಮಾನ್ಯಖೇಟ ಇಂದಿನ ಮಳಖೇಡ, 1956ರವರೆಗೆ ನಮ್ಮ ಈ ಹೈದರಾಬಾದ್ ರಾಜ್ಯದಲ್ಲೇ ಇದ್ದ ಊರು. ಮಹಾವೀರನದು ಸಂಸ್ಕೃತ ಗ್ರಂಥ, ಒಪ್ಪುತ್ತೇವೆ. ಆದರೆ ಹನ್ನೆರಡನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ ಕನ್ನಡದ್ದೇ. ಆಗ ಲೆಕ್ಕದ ಸೂತ್ರಗಳನ್ನು ಹೊತ್ತ ಕನ್ನಡಕ್ಕೆ ಈಗ ‘ಇದು ಅದಕ್ಕಿಂತ ದೊಡ್ಡದಾದರೆ ಅದಲುಬದಲು ಮಾಡು’ ಎಂದು ಹೇಳುವ ಶಕ್ತಿ ಹೋಯಿತೇ? ಲೂಪು, ಅರೇ, ಪಾಯಿಂಟರು ಎಂಬ ಪದಗಳು ಹಾಗೆಯೇ ಇರಲಿ; ರೈಲು, ಟಿಕೇಟು ಇಲ್ಲವೇ? ಮಗುವಿಗೆ ವಿವರಣೆ ಮನೆಮಾತಿನಲ್ಲಿ ಸಿಕ್ಕಲಿ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಹಿಂದಿ ಆಡಿ, ಅಜ್ಜಿಯ ಜೊತೆ ಮಾತ್ರ ಕನ್ನಡಕ್ಕೆ ಬರುವವರು. ಕನ್ನಡ ಹಬ್ಬದೂಟದ ಭಾಷೆ, ಬುದ್ಧಿಯ ಭಾಷೆಯಲ್ಲ ಎಂದು ಅವರಿಗೆ ಕಲಿಸುತ್ತಿರುವವರು ನಾವೇ ಅಲ್ಲವೇ?

ಕನ್ನಡ ಬಲ್ಲ ಪ್ರೋಗ್ರಾಮರು ಇಲ್ಲದಿದ್ದರೆ ಕನ್ನಡಕ್ಕೇ ನಷ್ಟ ಎಂಬುದಕ್ಕೆ ಪುರಾವೆ ಕೊಡುತ್ತೇವೆ. ‘ಕನ್ನಡ’ ಎಂಬ ಪದದಲ್ಲಿ ನಮ್ಮ ಲೆಕ್ಕಕ್ಕೆ ಮೂರು ಅಕ್ಷರ. ಪೈಥಾನು ಐದು ಎನ್ನುತ್ತದೆ, ಏಕೆಂದರೆ ಅದು ನ, ಹಲಂತದ ಗುರುತು, ಮತ್ತೊಂದು ನ ಎಂದು ಬಿಡಿಸಿ ಎಣಿಸುತ್ತದೆ. ‘ಸಿ’ಯಲ್ಲಿ ಎಣಿಸಿದರೆ ಹದಿನೈದು, ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದು ಚಿಹ್ನೆಗೂ ಮೂರು ಬೈಟು ಬೇಕು. ಇಂಗ್ಲಿಷಿನ ಅಂದಾಜಿನಲ್ಲಿ ಹೆಸರಿಗೆ ಇಪ್ಪತ್ತು ಬೈಟು ಇಟ್ಟ ಪ್ರೋಗ್ರಾಮಿಗೆ ‘ಲಕ್ಷ್ಮೀನಾರಾಯಣ’ ಎಂದು ಕೊಟ್ಟರೆ, ಕೊನೆಯ ಗುರುತಿಗೆ ಒಂದು ಬೈಟು ಕಳೆದು ಉಳಿದ ಹತ್ತೊಂಬತ್ತರಲ್ಲಿ ‘ಲಕ್ಷ್ಮ’ ಎಂಬಷ್ಟೇ ಹಿಡಿಸಿ, ಮೇಲೊಂದು ಬೈಟು ಅರ್ಥವಿಲ್ಲದೆ ನೇತಾಡುತ್ತದೆ. ಹೋಗಲಿ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೋಣವೆಂದರೆ ಯೂನಿಕೋಡಿನ ಅಂಕೆಗಳಲ್ಲಿ ಳಕಾರ ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮುಂಚೆ ಕುಳಿತಿದೆ. ಬರೀ ಅಂಕೆ ನೋಡಿ ಜೋಡಿಸುವ ಪ್ರೋಗ್ರಾಮು ‘ಕಳಸ’ವನ್ನು ‘ಕವಿತೆ’ಯ ಮುಂದೆ ಇಡುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹಕಾರದ ನಂತರ ಎಂದು ಯಂತ್ರಕ್ಕೆ ಹೇಳಬೇಕಾದವರು ಯಾರು? ಕ್ಯಾಲಿಫೋರ್ನಿಯದವರೇ? ಇದನ್ನು ಹಿಡಿಯಲು ವರ್ಣಮಾಲೆಯೂ ಬರಬೇಕು, ಬೈಟೂ ಬರಬೇಕು; ಎರಡೂ ಬಲ್ಲ ಹುಡುಗ ಹುಡುಗಿಯರು ನಮ್ಮ ಮನೆಗಳಲ್ಲೇ ತಯಾರಾಗಬೇಕು.

ಇನ್ನು ಹಣದ ಮಾತು. ಕಂಪೈಲರಿಗೆ ಖರ್ಚಿಲ್ಲ. ಕಚೇರಿಗಳು ವಿಲೇವಾರಿ ಮಾಡುವ ಹಳೆಯ ಕಂಪ್ಯೂಟರುಗಳಲ್ಲೂ ಜಿ.ಸಿ.ಸಿ. ಓಡುತ್ತದೆ, ನಾಲ್ಕು ಸಿಕ್ಕರೆ ಸಾಕು. ಕಲಿಸಲು ಹೈಟೆಕ್ ಸಿಟಿಯಲ್ಲಿ ದುಡಿಯುವ ನಮ್ಮ ಸದಸ್ಯರಲ್ಲಿ ಸರದಿಯ ಮೇಲೆ ತಿಂಗಳಿಗೊಂದು ಭಾನುವಾರ ಕೊಡಬಲ್ಲವರು ಐದಾರು ಮಂದಿ ಇಲ್ಲವೆಂದರೆ ನಾವು ನಂಬುವುದಿಲ್ಲ. ವಾದ್ಯಗೋಷ್ಠಿ ನಡೆಯಲಿ, ನಾವೂ ಬಂದು ಕೇಳುತ್ತೇವೆ; ಅದಕ್ಕೂ ಇದಕ್ಕೂ ಜಗಳವಿಲ್ಲ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಸಲಹೆಯನ್ನು ನಿರ್ಣಯವಾಗಿ ಮಂಡಿಸಲಿದ್ದೇವೆ, ವಿರೋಧಿಸುವವರು ದಯಮಾಡಿ ಎದ್ದುನಿಂತು ವಿರೋಧಿಸಲಿ. ಮೊದಲ ತಂಡದ ಪರೀಕ್ಷೆಯನ್ನೂ ಈಗಲೇ ಗೊತ್ತುಮಾಡಿದ್ದೇವೆ: ಸಂಘದ ಸದಸ್ಯರ ಪಟ್ಟಿಯನ್ನು ಳಕಾರ ತಪ್ಪದಂತೆ ಕನ್ನಡ ಅಕಾರಾದಿಯಲ್ಲಿ ಜೋಡಿಸಿಕೊಡುವುದು. ಪಟ್ಟಿ ಈಗಿರುವುದು ಇಂಗ್ಲಿಷಿನಲ್ಲಿ.